ಮೊದಲ ಮಹಡಿಯ ಮಾತು

ನಮ್ಮೂರಲ್ಲಿ ಬಾಡಿಗೆ ಮನೆ ಹುಡುಕುವವರು ಮೊದಲ ಮಹಡಿ ಅಂದರೆ ಮುಖ ಸಿಂಡರಿಸುತ್ತಾರೆ. ನೆಲಮಹಡಿಗೆ ಪೈಪೋಟಿ ನಡೆಯುತ್ತದೆ, ಎರಡನೆಯದಕ್ಕೆ ಶಿಫಾರಸು ಬೇಕು, ಮೂರನೆಯದೇ ಆಗಬೇಕೆಂದು ಹೊಸದಾಗಿ ಮದುವೆಯಾದವರು ಹಟ ಹಿಡಿಯುತ್ತಾರೆ. ಮೊದಲ ಮಹಡಿಯಲ್ಲಿರುವುದು ಗೋದಾಮುಗಳು, ಕಿವಿ ಮಂದವಾದ ಒಂದಿಬ್ಬರು ಹಿರಿಯರು, ವಕೀಲರು, ಮತ್ತೆ ಸರ್ಕಾರದ ಸಕಲ ಇಲಾಖೆಗಳು. ಆ ಇಲಾಖೆಗಳಿಗೆ ಹೋಗುವವರು ಹೇಗೂ ಅನ್ನಿಸಿಕೊಂಡೇ ವಾಪಸ್ಸು ಬರುವವರು. ಗೋಡೆಯೂ ಎರಡು ಮಾತು ಸೇರಿಸಿದರೆ ಅವರಿಗೇನೂ ಅನ್ನಿಸುವುದಿಲ್ಲ.

ಗೋಡೆ ಹಸಿಯಾಗಿರುವಾಗ ಅದರ ಹತ್ತಿರ ಆಡಿದ ಮಾತು ಅದರೊಳಗೆ ಕೂತುಬಿಡುತ್ತದೆ. ಒಣಗಿದ ಮೇಲೆ ಯಾವಾಗ ನೆಂದರೂ ಅದೇ ದನಿಯಲ್ಲಿ, ಅದೇ ಕೆಮ್ಮು ನಗುವಿನ ಸಮೇತ ಹೊರಗೆ ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಯಾವ ಮನೆಗೆ ಹೋದರೂ ಅದನ್ನು ಕಟ್ಟಿದವರ ಹಣೆಬರಹ ಗೊತ್ತಾಗುತ್ತದೆ. ಪಾಯ ತೆಗೆಯುವಾಗ ಕೆಲಸದವರೆಲ್ಲ ಒಬ್ಬರಿಗೊಬ್ಬರು ಹೊಸಬರು, ಬೀಗರ ಮನೆಗೆ ಬಂದವರ ಹಾಗೆ ನಡೆದುಕೊಳ್ಳುತ್ತಾರೆ. ಮೊದಲ ಮಹಡಿ ಏಳುವಷ್ಟರಲ್ಲಿ ಒಬ್ಬನ ಸೋಮಾರಿತನ, ಇನ್ನೊಬ್ಬನ ಜಂಬ ಎಲ್ಲ ಬಯಲಾಗಿ ಜಗಳ ಶುರುವಾಗುತ್ತದೆ. ಎರಡನೆಯದಕ್ಕೆ ಜಗಳ ಸಾಕಾಗಿರುತ್ತದೆ, ಯಾರು ಯಾವ ಕೆಲಸಕ್ಕೆ ಅನ್ನುವುದು ಇತ್ಯರ್ಥವಾಗಿರುತ್ತದೆ. ಮೂರನೆಯದರಲ್ಲಿ ಮಾತೇ ಕಡಿಮೆ. ಕೈ ಚಾಚಿದರೆ ಬೇಕಾದ್ದು ಕೈಗೆ ಬಂದಿರುತ್ತದೆ, ನಡುವೆ ಯಾರೋ ಹಾಡು ಗುನುಗುತ್ತಾರೆ. ಒಬ್ಬ ಗುತ್ತಿಗೆದಾರ ಈ ಮಾತಿನ ಕಾಟವೇ ಬೇಡವೆಂದು ಕೆಲಸದವರ ಬಾಯಿಗೆ ಬಟ್ಟೆ ಕಟ್ಟಿಸಿ ಮನೆ ಕಟ್ಟಿಸಿದ್ದ. ಮಳೆ ಬಂದರೆ ಅಲ್ಲಿ ಬರೀ ಉಸಿರಾಟ ಕೇಳಿಸುತ್ತದೆ. ಗೋಡೆಯೂ ಸೊಟ್ಟ. ಆ ಮನೆಯಲ್ಲಿ ಯಾರೂ ಒಂದು ಮಳೆಗಾಲ ಪೂರ್ತಿ ಇದ್ದಿಲ್ಲ.

ನಾನು ಮೇಸ್ತ್ರಿ, ಹೆಸರು ಕರಿಬಸಪ್ಪ. ನನ್ನ ಕೈ ಚುರುಕು, ನಾಲಿಗೆ ಇನ್ನೂ ಚುರುಕು ಅನ್ನುವುದು ಊರಿಗೆಲ್ಲ ಗೊತ್ತು. ನಾನು ಕಟ್ಟಿದ ಮೊದಲ ಮಹಡಿಗಳಲ್ಲಿ ಗುಮಾಸ್ತರು ಮಳೆ ಬಂದರೆ ಕೆಲಸ ಬಿಟ್ಟು ಗೋಡೆಗೆ ಕಿವಿ ಕೊಟ್ಟು ನಗುತ್ತಾರಂತೆ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು, ಹೋದ ವಾರದವರೆಗೆ.

ಈ ಸಲ ನಾವು ಕಟ್ಟಿದ್ದು ಹೆಣ್ಣುಮಕ್ಕಳ ಹಾಸ್ಟೆಲ್ಲು. ತಂಡದಲ್ಲಿ ಹಲವರಿದ್ದರೂ ಈ ಕಥೆಗೆ ಬೇಕಾದವರು ಮೂವರು. ಒಬ್ಬರು ತಾರಸಿಗೆ ಹಲಗೆ ಹೊಂದಿಸುವ ಸೆಂಟ್ರಿಂಗ್ ಕೆಲಸದ ಖಾಸಿಂ ಸಾಬ್ರು, ನಮ್ಮೆಲ್ಲರಿಗಿಂತ ಹಿರಿಯರು, ಅಳೆದು ತೂಗಿ ಮಾತಾಡುವವರು. ಇನ್ನೊಬ್ಬ ಗಾರೆಯ ಪಾಲಯ್ಯ, ಯಾರು ಏನಂದರೂ ಮೊದಲು ನಗುವವನು. ಮೂರನೆಯವಳು ಮಾರಕ್ಕ. ಬಾಂಡ್ಲಿ ಹೊರುವುದಕ್ಕೆ, ಕಟ್ಟಿದ ಗೋಡೆಗೆ ನೀರು ಹೊಡೆಯುವುದಕ್ಕೆ ಅವಳನ್ನು ಗುತ್ತಿಗೆದಾರರು ಕಳಿಸಿದ್ದರು. ಅವಳ ತವರಿನವರು ಸಾರುವೆ ಕಟ್ಟುವವರು. ಬೊಂಬಿಗೆ ಬೊಂಬು ಜೋಡಿಸಿ, ಹಗ್ಗ ಬಿಗಿದು, ನಾವು ನಿಂತು ಕೆಲಸ ಮಾಡುವ ಅಟ್ಟಣೆ ಎಬ್ಬಿಸುವುದು ಅವರ ಕಸುಬು. ಅವಳೂ ಅದನ್ನೇ ಮಾಡುತ್ತಿದ್ದಳು. ಹಿಂದಿನ ವರ್ಷ ಒಂದು ಛತ್ರ ಕಟ್ಟುವಾಗ ಅವಳ ಗಂಡ ಸಾರುವೆಯ ಮೇಲಿಂದ ಬಿದ್ದು ತೀರಿಕೊಂಡ. ಆ ಛತ್ರ ಅಷ್ಟಕ್ಕೇ ನಿಂತುಹೋಯಿತು. ಆ ಸಾರುವೆ ಕಟ್ಟಿದ್ದವಳು ಅವಳೇ ಅನ್ನುವ ಸುದ್ದಿ ಅವಳಿಗಿಂತ ಮುಂಚೆ ನಮ್ಮ ಸೈಟಿಗೆ ಬಂದಿತ್ತು.

ನೆಲಮಹಡಿಯಲ್ಲಿ ನಾನು ಅವಳ ಜೊತೆ ಚೆನ್ನಾಗಿಯೇ ಇದ್ದೆ. ಎಲ್ಲರೂ ಎಲ್ಲರ ಜೊತೆ ಚೆನ್ನಾಗಿದ್ದೆವು. ಮೊದಲ ಮಹಡಿಗೆ ಹತ್ತಿದ ಮೇಲೆ ಖಾಸಿಂ ಸಾಬ್ರಿಗೂ ಪಾಲಯ್ಯನಿಗೂ ಮಟ್ಟದ ವಿಷಯಕ್ಕೆ ಮಾತು ಬೆಳೆಯಿತು, ನನಗೂ ಸಾರುವೆ ಕಟ್ಟುವವನಿಗೂ ಹೊಡೆದಾಟ ಒಂದು ಬಾಕಿ ಉಳಿಯಿತು. ಅವನು ಹಗ್ಗ ಎಸೆದು ಹೊರಟೇಹೋದ. ಮೂಲೆಯ ಕೋಣೆಯ ಗೋಡೆ ಕಿಟಕಿಯ ಮಟ್ಟ ದಾಟಿತ್ತು, ಇನ್ನು ಸಾರುವೆಯಿಲ್ಲದೆ ಮೇಲೆ ಏಳುವಂತಿರಲಿಲ್ಲ. ಪಾಲಯ್ಯ, "ಮಾರಕ್ಕಂಗೆ ಬರ್ತೈತಲ್ಲ, ಅವಳ ಕೈಲೇ ಕಟ್ಟಿಸಾನ," ಅಂದ. ಅವಳು ಆಗ ಕೆಳಗೆ ನಲ್ಲಿಯ ಹತ್ತಿರ ಇದ್ದಳು. ನನಗೆ ಬೆಳಗ್ಗಿನಿಂದ ತಲೆ ಕೆಟ್ಟಿತ್ತು. ಜೊತೆಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಮೇಸ್ತ್ರಿ ಏನಾದರೂ ಮಜಾ ಮಾತು ಬಿಡುತ್ತಾನೆ ಅಂತ. ನಾನು ಬಿಟ್ಟೆ.

"ಅವಳು ಕಟ್ಟಿದ ಸಾರುವೆ ಮ್ಯಾಲಾ? ಕಟ್ಕಂಡ ಗಂಡನಿಗೇ ಗಂಟು ಸಡ್ಲ ಬಿಟ್ಟೋಳು. ಸಡ್ಲಾಯ್ತೋ, ಬೇಕಂತಲೇ ಬಿಟ್ಲೋ, ಯಾರು ಕಂಡೋರು. ಅವನೂ ದಿನಾ ಕುಡ್ಕಂಡು ಬರೋನಂತೆ."

ಎಲ್ಲರೂ ನಕ್ಕರು. ಪಾಲಯ್ಯ ಕರಣೆ ಕೆಳಗಿಟ್ಟು ನಕ್ಕ. ಖಾಸಿಂ ಸಾಬ್ರು ಮಾತ್ರ, "ಅಂಗೆಲ್ಲ ಅನ್ಬಾರ್ದಪ್ಪ, ಗೋಡೆ ಹಸಿ ಐತೆ," ಅಂದರು. ಗೋಡೆ ಹಸಿಯಿತ್ತು. ಅದು ನನಗೆ ಗೊತ್ತಿರಲಿಲ್ಲವೇ? ನನ್ನ ಇನ್ನೊಂದು ಒಳ್ಳೆಯ ಮಾತು ಉಳಿಯುತ್ತದೆ ಅಂತ ಅವತ್ತು ಅನ್ನಿಸಿತ್ತು. ಇದನ್ನು ಹೇಳುವಾಗ ನನಗೆ ನನ್ನ ಬಾಯಿಯನ್ನೇ ಮುಟ್ಟಲು ಹೇಸಿಗೆಯಾಗುತ್ತದೆ.

ಹೊಸ ಸಾರುವೆಯವನು ಬಂದ, ಕೆಲಸ ಕುಂಟುತ್ತ ನಡೆಯಿತು. ಮೊದಲ ಮಹಡಿಯ ತಾರಸಿಗೆ ಮೋಲ್ಡ್ ಹಾಕುವ, ಅಂದರೆ ಕಾಂಕ್ರೀಟು ಸುರಿಯುವ ದಿನ ಬಂತು. ಆ ಕೆಲಸ ಶುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಜಾಗದಲ್ಲಿ ಬಿರುಕು ಖಂಡಿತ. ಎಲ್ಲರೂ ಏಣಿಯ ಉದ್ದಕ್ಕೂ ಸಾಲಾಗಿ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಮಧ್ಯಾಹ್ನ ಜೋರು ಗಾಳಿ ಎದ್ದು ಸಾರುವೆಯ ಒಂದು ಮೂಲೆ ಕಿರುಗುಟ್ಟಿ ಹೊರಕ್ಕೆ ವಾಲಿತು. ಹೊಸ ಸಾರುವೆಯವನು ಊಟಕ್ಕೆ ಹೋದವನು ಬಂದಿರಲಿಲ್ಲ. ಸಾಲಿನಲ್ಲಿದ್ದ ಮಾರಕ್ಕ ತನ್ನ ಬಾಂಡ್ಲಿಯನ್ನು ಮುಂದಿನವನಿಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ ಹತ್ತಿದಳು. ಅಲ್ಲಾಡುವ ಬೊಂಬಿಗೆ ಕಾಲು ಸುತ್ತಿ ಕೂತು, ಹಳೆಯ ಗಂಟು ಬಿಚ್ಚಿ ಹೊಸದು ಬಿಗಿದಳು. ಅವಳು ಇಳಿಯುವಷ್ಟರಲ್ಲಿ ಖಾಸಿಂ ಸಾಬ್ರು ಅವಳ ಜಾಗಕ್ಕೂ ಕೈ ಚಾಚಿ ಎರಡು ಆಳಿನ ಕೆಲಸ ಮಾಡುತ್ತಿದ್ದರು, ಪಾಲಯ್ಯ ಅವರ ಬೆವರು ಒರೆಸುತ್ತಿದ್ದ. ಒಂದು ಬಾಂಡ್ಲಿಯೂ ನಿಲ್ಲಲಿಲ್ಲ. ನಾನು ಯಾರಿಗೂ ಏನೂ ಹೇಳಬೇಕಾಗಿಯೂ ಬರಲಿಲ್ಲ. ಅವತ್ತು ಸಂಜೆ ಎಲ್ಲರೂ ಒಂದೇ ಕಡೆ ಕೂತು ಬುತ್ತಿ ಬಿಚ್ಚಿದೆವು. ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಒರಗಿ ತಿನ್ನುತ್ತಿದ್ದವರು.

ಎರಡನೇ ಮಹಡಿಯಿಂದ ಸಾರುವೆ ಮಾರಕ್ಕನದೇ ಆಯಿತು. ಅವಳು ಕಟ್ಟಿದ ಮೇಲೆ ನಾನು ಅಲ್ಲಾಡಿಸಿ ನೋಡುವುದನ್ನೂ ಬಿಟ್ಟೆ. ಬೇರೆ ಸೈಟಿನ ಮೇಸ್ತ್ರಿಗಳು ಬಂದರೆ, "ಇದು ನಮ್ಮ ಮಾರಕ್ಕನ ಗಂಟು, ಆನೆ ಕಟ್ಟಿ ನೋಡಿ," ಅನ್ನುತ್ತಿದ್ದೆ. ನೆಲಮಹಡಿಯಲ್ಲಿ ನನ್ನನ್ನು "ಮೇಸ್ತ್ರಿಗಳೇ, ನೀವು" ಅನ್ನುತ್ತಿದ್ದವಳು "ಅಣ್ಣ, ನೀನು" ಅನ್ನತೊಡಗಿದಳು. ನನ್ನ ಹೆಂಡತಿಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟಳು. ಬೆಳಗ್ಗೆ ನಾವು ಬರುವ ಮುಂಚೆ ಗೋಡೆಗಳಿಗೆ ನೀರು ಹೊಡೆಯುವುದನ್ನೂ ಅವಳು ಬಿಡಲಿಲ್ಲ. "ಬೇರೆಯೋರು ಹೊಡೆದ್ರೆ ಮೂಲೆ ಒಣಗಿಸ್ತಾರೆ," ಅನ್ನುತ್ತಿದ್ದಳು. ಮೂರನೇ ಮಹಡಿಯಲ್ಲಿ ನಾನು ಕೈ ಹಿಂದಕ್ಕೆ ಚಾಚಿದರೆ ಸಾಕು, ಗಾರೆಯೋ, ಇಟ್ಟಿಗೆಯೋ, ದಾರವೋ, ನನಗೆ ಬೇಕಾದ್ದೇ ಅದರಲ್ಲಿ ಬಂದು ಕೂರುತ್ತಿತ್ತು. ಇಂಥ ತಂಡ ನನಗೆ ಮೊದಲು ಸಿಕ್ಕಿರಲಿಲ್ಲ. ಖುಷಿಯಿಂದ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ. ಆದರೆ ಹತ್ತುವಾಗ ಮೊದಲ ಮಹಡಿಯ ಮೂಲೆಯ ಕೋಣೆಯ ಕಡೆ ನೋಡದೆ ಹತ್ತುತ್ತಿದ್ದೆ.

ಕಟ್ಟಡ ಮುಗಿದು ಬೀಗದ ಕೈ ಕೊಡುವ ಮುಂಚೆ ನಮ್ಮಲ್ಲಿ ಕೇಳುವ ದಿನ ಅಂತ ಒಂದಿದೆ. ಇಡೀ ತಂಡ ನೆಲಮಹಡಿಯಿಂದ ಶುರುಮಾಡಿ ಒಂದೊಂದೇ ಕೋಣೆಯಲ್ಲಿ ಕೂತು, ಗೋಡೆಗೆ ನೀರು ಹೊಡೆದು, ತಾವು ಆಡಿದ್ದನ್ನೆಲ್ಲ ತಾವೇ ಕೇಳಬೇಕು. ಕೇಳುವಾಗ ಯಾರೂ ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಕೊನೆಗೆ ತಾರಸಿಗೆ ಹೋಗಿ, ಅಂಚಿನ ಪ್ಯಾರಾಪೆಟ್ ಮೇಲೆ ಬಳಿದ ಹಸಿ ಸಿಮೆಂಟಿನಲ್ಲಿ, ಎಲ್ಲವನ್ನೂ ಕೂತು ಕೇಳಿದವರು ಒಬ್ಬೊಬ್ಬರೂ ಅಂಗೈ ಒತ್ತಬೇಕು. ಅಲ್ಲಿ ಯಾರ ಅಂಗೈ ಇದೆಯೋ ಅವರನ್ನು ಪಳಗಿದ ತಂಡವೆಂದು ಮುಂದಿನ ಕೆಲಸಕ್ಕೆ ಒಟ್ಟಿಗೇ ಕರೆಯುತ್ತಾರೆ. ಅಂಗೈ ಇಲ್ಲದವರು ಮತ್ತೆ ಗೊತ್ತಿಲ್ಲದವರ ನಡುವೆ ಪಾಯದಿಂದ ಶುರುಮಾಡಬೇಕು. ನಮಗೆ ಹೊಳೆಯಾಚೆಯ ದೊಡ್ಡ ಆಸ್ಪತ್ರೆಯ ಕೆಲಸ ಗೊತ್ತಾಗಿತ್ತು. ಮಾರಕ್ಕನ ಅಂಗೈ ಎಲ್ಲಿಯೂ ಇರಲಿಲ್ಲ. ತಂಡದೊಡನೆ ಅವಳು ಕಟ್ಟಿದ ಮೊದಲ ಕಟ್ಟಡ ಆ ಛತ್ರ, ಅದು ಅರ್ಧಕ್ಕೇ ನಿಂತಿತ್ತಲ್ಲ.

ಆ ದಿನ ಹತ್ತಿರ ಬಂದಂತೆ ಮೂಲೆಯ ಕೋಣೆಯ ಮಾತೇ ನನ್ನ ತಲೆಯಲ್ಲಿ ತಿರುಗತೊಡಗಿತು. ಎದುರಿಗೇ ಬೈದಿದ್ದರೆ ಪರವಾಗಿರಲಿಲ್ಲ. ಎಲ್ಲರೂ ಎದುರೆದುರೇ ಬೈದುಕೊಂಡಿದ್ದರು, ಅದನ್ನು ಕೇಳಿ ನಗುತ್ತಾರೆ, ಒಬ್ಬರಿಗೊಬ್ಬರು ಬೀಡಿ ಕೊಡುತ್ತಾರೆ, ಮುಗಿಯುತ್ತದೆ. ನನ್ನದು ಬೆನ್ನ ಹಿಂದೆ ಆಡಿದ ಮಾತು. ಗೋಡೆಯ ಆ ಭಾಗ ಒಡೆದು ಕಟ್ಟೋಣವೆಂದರೆ ಒಡೆಯುವ ಕಾರಣ ಹೇಳಬೇಕು. ಒಂದು ಕೋಟು ಹೆಚ್ಚಿಗೆ ಬಣ್ಣ ಬಳಿಸಿದೆ. ಬಣ್ಣದಿಂದ ಮಾತು ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಬಳಿಸಿದೆ. ಕೊನೆಗೆ ಹೊಳೆದದ್ದು ಇದು. ಕೇಳುವ ದಿನದ ಬೆಳಗ್ಗೆ ಮಾರಕ್ಕನನ್ನು ಕರೆದು, ಕಾಂಪೌಂಡಿಗೆ ಹೆಂಚು ಸಾಲದು, ಪಕ್ಕದೂರಿನಲ್ಲಿ ಹೆಂಚು ಸುಡುವ ಗೂಡಿಗೆ ಹೋಗಿ ನೀನೇ ಆರಿಸಿ ಕಳಿಸಬೇಕು, ಬೇರೆಯವರಾದರೆ ಒಡಕು ತರುತ್ತಾರೆ, ಅಂದೆ. ಸಂಜೆಗೆ ಮುಂಚೆ ಅಲ್ಲಿಂದ ಬಸ್ಸಿಲ್ಲ.

ಅವಳು ಎತ್ತಿದ್ದ ಬಕೆಟ್ಟು ಕೆಳಗಿಟ್ಟಳು. "ಇವತ್ತೇ ಹೋಗ್ಬೇಕಾ ಅಣ್ಣ?"

"ಇವತ್ತೇ."

"ಆಯ್ತು ಬಿಡು," ಅಂದು ಬುತ್ತಿ ಎತ್ತಿಕೊಂಡು ಹೋದಳು. ಅವಳ ಅಂಗೈ ವಿಷಯ ಗುತ್ತಿಗೆದಾರರ ಹತ್ತಿರ ಆಮೇಲೆ ಮಾತಾಡಿದರಾಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಅಂಥ ಪದ್ಧತಿ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ತಂಡದವರಿಗೆ, ಅವಳೇ ಹೋಗುತ್ತೇನೆಂದು ಹಟ ಮಾಡಿದಳು ಅಂದೆ. ಖಾಸಿಂ ಸಾಬ್ರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು.

ನೆಲಮಹಡಿಯಲ್ಲಿ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಗೋಡೆಯೊಳಗಿಂದ ಪಾಲಯ್ಯ, "ನೀವು ಮೊದ್ಲು ತಗಳ್ರಿ ಸಾಬ್ರೆ," ಅನ್ನುತ್ತಾನೆ, ಸಾಬ್ರು, "ಇಲ್ಲ ಇಲ್ಲ, ನೀವು ತಗಳ್ರಿ," ಅನ್ನುತ್ತಾರೆ, ಒಂದು ಬಕೆಟ್ಟಿಗೆ ಅಷ್ಟು ಉಪಚಾರ. ಮೊದಲ ಮಹಡಿಯಲ್ಲಿ ಅವರಿಬ್ಬರ ಜಗಳ ಬಂತು. ಸಾಬ್ರಿಗೆ ತಾನು ಅಂದಿದ್ದ ಒರಟು ಮಾತು ಬಂದಾಗ ಪಾಲಯ್ಯ ಕಣ್ಣು ಮುಚ್ಚಿಕೊಂಡು, ಅಲ್ಲೇ ಅವರ ಮೊಣಕಾಲು ಮುಟ್ಟಿದ. ಆಮೇಲೆ ಮೂಲೆಯ ಕೋಣೆ. ಪೈಪು ನನ್ನ ಕೈಯಲ್ಲೇ ಇತ್ತು. ಬಣ್ಣದ ಮೇಲೆ ನೀರು ಇಳಿಯಿತು, ಸ್ವಲ್ಪ ಹೊತ್ತಿಗೆ ನನ್ನ ದನಿ ಬಂತು. ನಾನು ಇಷ್ಟು ಖುಷಿಯಾಗಿ ಹೇಳಿದ್ದೆ ಅನ್ನುವುದು ನನಗೆ ಮರೆತಿತ್ತು. ಪ್ರತಿ ಮಾತಿನ ಮುಂದೆ ಒಂದು ಸಣ್ಣ ಬಿಡುವು, ಎಲ್ಲರಿಗೂ ಸರಿಯಾಗಿ ಕೇಳಲಿ ಅಂತ. ಆಮೇಲೆ ನಗು, ಗೋಡೆಯ ತುಂಬ ನಗು. ಅಲ್ಲಿ ಕೂತವರೆಲ್ಲ ತಮ್ಮ ತಮ್ಮ ನಗುವನ್ನು ಗುರುತಿಸಿ ತಲೆ ತಗ್ಗಿಸಿದರು.

ಮುಗಿಯಿತು ಅಂದುಕೊಂಡು ನಾನು ಏಳಲು ಹೋದೆ. ಆಗ ಗೋಡೆಯಿಂದ ನೀರು ಚಿಮ್ಮುವ ಸದ್ದು ಬಂತು, ನನ್ನ ಪೈಪಿನದಲ್ಲ. ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಎರಚುವ ಸದ್ದು. ಅದರ ಜೊತೆ ಮಾರಕ್ಕನ ದನಿ, ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟು ಮೆಲ್ಲಗೆ.

"ಆ ಗಂಟು ನಾನೇ ಕಟ್ಟಿದ್ದು ಮೇಸ್ತ್ರಿಗಳೇ. ಗಂಟು ಬಿಡಲಿಲ್ಲ. ಬೊಂಬು ಸೀಳ್ತು."

ಮತ್ತೆ ನೀರಿನ ಸದ್ದು. ಅಷ್ಟೇ.

ಹಸಿ ಗೋಡೆ ಮಾತನ್ನು ಹಿಡಿದುಕೊಳ್ಳುತ್ತದೆ, ಒಣಗುವ ತನಕ ಬಿಡುವುದಿಲ್ಲ ಅಂತ ನಾವು ಮೇಸ್ತ್ರಿಗಳೆಲ್ಲ ನಂಬಿದವರು. ಹಸಿ ಗೋಡೆಯೂ ನೀರು ಬಿದ್ದರೆ ಮಾತು ಬಿಡುತ್ತದೆ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ, ನಮ್ಮಲ್ಲಿ ಒಬ್ಬನೂ ಹಸಿ ಗೋಡೆಗೆ ನೀರು ಹೊಡೆದವನಲ್ಲ. ಅದು ಹೆಂಗಸರ ಕೆಲಸ, ನಾವು ಬರುವ ಮುಂಚೆ ಮುಗಿದಿರುತ್ತದೆ. ಅಂದರೆ ಅವಳು ಮಾರನೆಯ ಬೆಳಗ್ಗೆಯೇ ಕೇಳಿದ್ದಳು. ಕೇಳಿದವಳು ಮೋಲ್ಡ್ ಹಾಕುವ ದಿನ ಬೊಂಬು ಹತ್ತಿದಳು. ಕೇಳಿದವಳೇ ನನ್ನ ಹೆಂಡತಿಗೆ ಗಂಜಿ ತಂದಳು. ನಾನು ಅವಳ ಗಂಟಿನ ಮೇಲೆ ನಿಂತು ಮೂರನೇ ಮಹಡಿ ಎಬ್ಬಿಸುವಾಗ, ಕೆಳಗೆ ನಿಂತು ನನ್ನ ಚಾಚಿದ ಕೈಗೆ ಇಟ್ಟಿಗೆ ಕೊಟ್ಟವಳಿಗೆ ಎಲ್ಲ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲ ಅನ್ನುವ ಧೈರ್ಯದ ಮೇಲೆ ನಾನು ಅವಳಿಂದ ಅಣ್ಣ ಅನ್ನಿಸಿಕೊಂಡಿದ್ದೆ.

ನಿಯಮದಂತೆ ಯಾರೂ ಮಾತಾಡದೆ ಮೇಲೆ ಹತ್ತಿದೆವು. ಎರಡನೇ ಮಹಡಿಯಲ್ಲಿ ಏನು ಕೇಳಿದೆನೋ ನೆನಪಿಲ್ಲ. ಮೂರನೆಯದರಲ್ಲಿ ಯಾವುದೋ ಮಧ್ಯಾಹ್ನದ ಊಟದ ಮಾತು ಬಂತು. ತಟ್ಟೆಯ ಸದ್ದು, ಪಾಲಯ್ಯನ ಸೀನು, ಅದರ ನಡುವೆ ಮಾರಕ್ಕ ಅನ್ನುತ್ತಿದ್ದಳು, "ನನ್ನ ಕೈ ಎಲ್ಲೂ ಇಲ್ಲ ಅಣ್ಣ. ಈ ಸಲ ಇರ್ತೈತೆ." ಗೋಡೆಯೊಳಗಿನ ನಾನು, "ಇರ್ದೆ ಎಲ್ಲಿಗೆ ಹೋಗ್ತೈತೆ, ನನ್ನ ಪಕ್ಕದಲ್ಲೇ ಒತ್ತು," ಅಂದೆ. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಪಾಲಯ್ಯನೂ ನಗಲಿಲ್ಲ. ಎದ್ದು ಹೋಗುವಂತಿಲ್ಲ ಅನ್ನುವ ನಿಯಮ ಮುರಿದು ನಾನು ಕೆಳಗೆ ಇಳಿದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ, ಗೂಡಿನ ಊರಿಗೆ ನಡೆದೇ ಹೋಗಿಬಿಡೋಣ ಅನ್ನಿಸಿತ್ತು.

ಅಷ್ಟು ದೂರ ಹೋಗಬೇಕಾಗಲಿಲ್ಲ. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಮಾರಕ್ಕ ಕೂತಿದ್ದಳು. ಪಕ್ಕದಲ್ಲಿ ಹೆಂಚು ನೀಟಾಗಿ ಪೇರಿಸಿತ್ತು.

"ಮುಗೀತಾ ಅಣ್ಣ?" ಅಂದಳು. "ಗೂಡಿನ ಲಾರಿ ಈ ಕಡೆ ಬರ್ತಿತ್ತು, ಹತ್ಕಂಡು ಬಂದೆ."

"ಯಾವಾಗ ಬಂದೆ?"

"ನೀವೆಲ್ಲ ಕೆಳಗಿನ ಮಹಡೀಲಿ ನಗ್ತಿದ್ರಲ್ಲ, ಆಗ."

"ಒಳಗೆ ಯಾಕೆ ಬರ್ಲಿಲ್ಲ?"

ಅವಳು ಹೆಂಚಿನ ಮೇಲಿನ ಧೂಳು ಕೈಯಲ್ಲಿ ಒರೆಸಿದಳು. "ನಾನು ಎದುರಿಗೆ ಕೂತಿದ್ರೆ ನಿನಗೆ ಕೂರಕ್ಕಾಗ್ತಿತ್ತಾ?"

ನನಗೆ ನಾಚಿಕೆಯಾಯಿತು ಅಂದರೆ ಸಾಲದು. ನಾನು ಅವಳನ್ನು ದೂರ ಕಳಿಸಿದ್ದು ನನ್ನ ಮುಖ ಉಳಿಸಿಕೊಳ್ಳಲು. ಅವಳು ಹೋಗಿದ್ದೂ, ಬಂದು ಹೊರಗೇ ಕೂತಿದ್ದೂ ನನ್ನ ಮುಖ ಉಳಿಸಲು. ಅಂಗೈ ಇಲ್ಲವಾಗುತ್ತದೆ ಅಂತ ಗೊತ್ತಿದ್ದೂ ಕೂತಿದ್ದಳು. ತಪ್ಪಾಯಿತು ಅನ್ನೋಣವೆಂದು ಬಾಯಿ ತೆರೆದೆ. ಊರಿಗೆಲ್ಲ ಚುರುಕಾದ ನಾಲಿಗೆಯನ್ನು ಬಿಟ್ಟು ಕೈಗೆ ಕೆಲಸ ಕೊಟ್ಟೆ, ಹೆಂಚನ್ನು ಒಂದೊಂದೇ ಹೊತ್ತು ಕಾಂಪೌಂಡಿನ ಹತ್ತಿರ ಇಡತೊಡಗಿದೆ.

ಹೆಂಚು ಮುಗಿಯುವಷ್ಟರಲ್ಲಿ ಖಾಸಿಂ ಸಾಬ್ರು ತಾರಸಿಯಿಂದ ಬಗ್ಗಿ ನೋಡಿದರು. "ಕರಿಬಸಪ್ಪ, ನಾವೆಲ್ಲ ಒತ್ತಿ ಆಯ್ತು. ಸಿಮೆಂಟ್ ಬಿಗೀತಾ ಐತೆ. ಅವಳು ಕೇಳದೆ ಒತ್ತಂಗಿಲ್ಲ, ನೀನೂ ಅರ್ಧಕ್ಕೆ ಎದ್ದೋಗಿದೀಯ. ಏನ್ಮಾಡ್ತೀಯ ನೋಡು."

"ನಾನು ಎಷ್ಟೋ ದಿನ ಕೇಳಿದೀನಿ ಸಾಬ್ರೆ," ಅಂದಳು ಮಾರಕ್ಕ.

"ಒಬ್ಳೇ ಕೇಳಿದ್ದು ಲೆಕ್ಕಕ್ಕಿಲ್ಲಮ್ಮ. ಜೊತೆಗೆ ಕೂತು ಕೇಳ್ಬೇಕು."

ನಾನು ಅವಳನ್ನು ಕರೆದುಕೊಂಡು ಒಳಗೆ ಹೋದೆ. ಅವಳು ಬಕೆಟ್ಟಿನಿಂದ ನೀರು ಎರಚುತ್ತ, ಒಂದೊಂದೇ ಕೋಣೆ ಕೂತು ಕೇಳಿ ಮೂಲೆಯ ಕೋಣೆಗೆ ಬಂದೆವು. ಗೋಡೆಯ ನೀರು ಆರಿತ್ತು. ಪೈಪು ಮೇಲೆಯೇ ಬಿಟ್ಟಿದ್ದೆ, ಅವಳು ದಿನಾ ಬಳಸುತ್ತಿದ್ದ ಬಕೆಟ್ಟು ಚೊಂಬನ್ನು ಇಲ್ಲಿ ಅವಳ ಕೈಯಿಂದ ನಾನು ತೆಗೆದುಕೊಂಡೆ. ನಾನು ಮೊಗೆದು ಎರಚಿದೆ. ನನಗೆ ಅದು ಬರುತ್ತಿರಲಿಲ್ಲ, ನೀರೆಲ್ಲ ಒಂದೇ ಕಡೆ ಬಿದ್ದು ನೆಲಕ್ಕೆ ಹರಿಯಿತು. "ಮೇಲಿಂದ ಬಿಡು, ಮೂಲೆಗೂ ಹೋಗ್ಲಿ," ಅಂದಳು. ಎರಚಿ ಬಂದು ಅವಳ ಎದುರಿಗೆ ಕೂತೆ. ನನ್ನ ದನಿ ಬಂತು. ಈ ಸಲ ತಲೆ ತಗ್ಗಿಸಬಾರದು ಅಂತ ನಿರ್ಧಾರ ಮಾಡಿದ್ದೆ, ಆದರೂ ಗಂಡನ ಕುಡಿತದ ಮಾತು ಬಂದಾಗ ತಗ್ಗಿತು. ಅವಳು ಕಿಟಕಿಯಾಚೆ ತಾನು ಕಟ್ಟಿದ್ದ ಸಾರುವೆಯನ್ನು ಬಿಚ್ಚಿ ಪೇರಿಸಿದ್ದ ಬೊಂಬುಗಳನ್ನು ನೋಡುತ್ತಿದ್ದಳು. ನಗು ಬಂತು. ಅವಳ ಮಾತು ಬಂತು. ಗೋಡೆ ಸುಮ್ಮನಾಯಿತು. ಆಮೇಲೆ ನಾನು, "ತಪ್ಪಾಯ್ತು ಮಾರಕ್ಕ," ಅಂದೆ. ಗೋಡೆ ಯಾವತ್ತೋ ಒಣಗಿ ಗಟ್ಟಿಯಾಗಿತ್ತು. ಈ ಮಾತನ್ನು ಅದು ಹಿಡಿಯುವುದಿಲ್ಲ. ಮಳೆ ಬಂದಾಗ ಹಾಸ್ಟೆಲ್ಲಿನ ಹುಡುಗಿಯರಿಗೆ ಕೇಳಿಸುವುದು ನನ್ನ ಮೊದಲಿನ ಮಾತು, ಆಮೇಲೆ ಅವಳ ಉತ್ತರ. ನಾನು ತಪ್ಪಾಯ್ತು ಅಂದದ್ದು ಅವಳಿಗೆ ಮಾತ್ರ ಗೊತ್ತು.

ಅವಳು ನೀರು ಉಳಿದಿದ್ದ ಚೊಂಬನ್ನು ಕೈಗೆತ್ತಿಕೊಂಡಳು. "ನಡಿ, ಸಿಮೆಂಟ್ ಆರ್ತೈತೆ," ಅಂದು ಎದ್ದಳು. ಎರಡನೆಯದನ್ನೂ ಮೂರನೆಯದನ್ನೂ ಕೂತು ಕೇಳಿದೆವು, ತನ್ನದೇ ಮಾತು ಬಂದಾಗ ಅವಳು ಅಂಗೈ ತಿರುಗಿಸಿ ನೋಡಿಕೊಂಡಳು, ಅಷ್ಟೇ.

ತಾರಸಿಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಸಿಮೆಂಟ್ ಬಿಗಿದುಕೊಂಡಿತ್ತು. ಸಾಬ್ರದು, ಪಾಲಯ್ಯನದು, ಉಳಿದವರದೆಲ್ಲ ಆಳವಾಗಿ ಕೂತಿದ್ದವು. ನಡುವೆ ಎರಡು ಅಂಗೈ ಜಾಗ ಬಿಟ್ಟಿದ್ದರು. ಮೊದಲು ಅವಳನ್ನು ಒತ್ತಲು ಹೇಳಿದೆ. ಅವಳು ಚೊಂಬಿನಲ್ಲಿ ಉಳಿದಿದ್ದ ನೀರನ್ನು ಸ್ವಲ್ಪ ಚಿಮುಕಿಸಿ, ಹಗ್ಗ ಎಳೆದು ಜಡ್ಡುಗಟ್ಟಿದ ಅಂಗೈಯನ್ನು ಇಟ್ಟು, ಮೈಭಾರ ಹಾಕಿ ಒತ್ತಿದಳು. ತೆಳುವಾಗಿ ಬಂತು. ಬೇರೆಯವರ ಅಂಗೈಯ ಪಕ್ಕ ಬಾಗಿ ನೋಡಿದರೆ ಮಾತ್ರ ಕಾಣುವಷ್ಟು. ಎಲ್ಲರ ಜೊತೆಗೇ ಒತ್ತಿದ್ದರೆ ಎಲ್ಲರದಕ್ಕಿಂತ ಆಳವಾಗಿ ಬರುತ್ತಿತ್ತು. "ಸಾಕು ಬಿಡು, ಗೊತ್ತಾಗ್ತೈತೆ," ಅಂದಳು, ನಗುತ್ತ.

ಅವಳ ಪಕ್ಕದಲ್ಲಿ ನಾನು ಒತ್ತಿದೆ. ಕೈ ತೆಗೆದಾಗ ಸಿಮೆಂಟಿನ ಮೇಲೆ ಏನೂ ಇರಲಿಲ್ಲ, ನನ್ನ ಅಂಗೈ ಮಾತ್ರ ಕೆಂಪಾಗಿತ್ತು. ಸಾಬ್ರು ಬೇರೆ ಕಡೆ ನೋಡಿದರು. ಮಾರಕ್ಕ ಚೊಂಬನ್ನು ಪೂರ್ತಿ ಬಗ್ಗಿಸಿ, ಉಳಿದ ನೀರನ್ನೆಲ್ಲ ಆ ಜಾಗಕ್ಕೆ ಸುರಿದು, ತನ್ನ ಬೆರಳಿಂದ ಮೂಲೆ ಮೂಲೆಗೂ ಸವರಿದಳು.

"ಇನ್ನೊಂದ್ಸಲ ಒತ್ತು ಅಣ್ಣ," ಅಂದಳು.

ನಾನು ಎರಡೂ ಕೈ ಒಂದರ ಮೇಲೊಂದು ಇಟ್ಟು ಒತ್ತಿದೆ. ಎಲ್ಲರೂ ಕಾಯುತ್ತಿದ್ದರು. ಕೈ ತೆಗೆದು ನೋಡುವ ಧೈರ್ಯ ನನಗೆ ಬೇಗ ಬರಲಿಲ್ಲ.